ಮೂರನೇ ಅಧ್ಯಾಯದ ಕೊಡೆ

ಹಳೆಯ ಪುಸ್ತಕದ ವಾಸನೆ ಮೂಗಿಗೆ ಬಡಿದರೆ ನನಗೆ ಮೊದಲು ಹುಟ್ಟುವುದು ಅನುಮಾನ. ಕಳೆದ ವಾರ ಬನಶಂಕರಿಯ ಫುಟ್‌ಪಾತಿನಲ್ಲಿ ಪುಸ್ತಕದ ರಾಶಿಯಿಂದ ಒಂದನ್ನು ಎತ್ತಿದೆ. ಕೆಂಪು ಬಟ್ಟೆಯ ಬೈಂಡು, ಒಣಗಿದ ಮೈದಾ ಅಂಟು, ಯಾರೋ ಓದುತ್ತಾ ಚೆಲ್ಲಿದ ಕಾಫಿ, ಎಲ್ಲ ಸೇರಿದ ಮುಗ್ಗಲು ವಾಸನೆ. ಒಳಗೆ, ಒಂದು ಕಾಲಕ್ಕೆ ನಾವು ಪುಸ್ತಕ ತರುತ್ತಿದ್ದ ರಾಯರ ಬಾಡಿಗೆ ಲೈಬ್ರರಿಯ ನೇರಳೆ ಬಣ್ಣದ ಸೀಲು. ಪತ್ತೇದಾರ ವಿಶ್ವಂಭರನ ಮಾಲೆಯದು, ರಾಮೇಶ್ವರದಲ್ಲಿ ನಡೆಯುವ ಕೊಲೆಯ ಕಥೆ. ಕೈ ತಾನಾಗಿ ಮೂರನೇ ಅಧ್ಯಾಯದ ಕಡೆಗೆ ಹೋಯಿತು. ಬೀದಿಯಲ್ಲಿ ತೆರೆಯುವುದು ಬೇಡವೆಂದು ಪುಸ್ತಕ ಕೊಂಡು ಮನೆಗೆ ತಂದೆ.

ನಾನು ಚಿಕ್ಕ ಹುಡುಗಿಯಾಗಿದ್ದಾಗ ನಾವು ಜಯನಗರದಲ್ಲಿದ್ದೆವು. ಹೆಂಚಿನ ಮನೆ, ಮುಂದೆ ಒಂದು ನಂದಿಬಟ್ಟಲು ಗಿಡ. ವಿಶ್ವಂಭರ ತಿಂಗಳಿಗೊಮ್ಮೆ ಮಧುರೆಗೋ ಕೊಚ್ಚಿಗೋ ಹೋಗಿ ಕೊಲೆಗಾರನನ್ನು ಹಿಡಿಯುತ್ತಿದ್ದ, ನಾವು ಮನೆಯವರೆಲ್ಲ ಸರದಿಯ ಮೇಲೆ ಅವನ ಹಿಂದೆ ಹೋಗುತ್ತಿದ್ದೆವು. ಓದಿದ್ದರ ಫಲವೋ ಏನೋ, ಆ ಮನೆಯಲ್ಲಿ ಯಾರೂ ಯಾರನ್ನೂ ಸುಲಭವಾಗಿ ನಂಬುತ್ತಿರಲಿಲ್ಲ. ಹಾಲಿಗೆ ನೀರು ಬಿದ್ದರೆ, ಡಬ್ಬದಲ್ಲಿ ಚಕ್ಕುಲಿ ಕಮ್ಮಿಯಾದರೆ ವಿಚಾರಣೆ ನಡೆಯುತ್ತಿತ್ತು. ತಾತ ಪ್ರಶ್ನೆ ಕೇಳುವರು, ಅಜ್ಜಿ ಮುಖ ನೋಡುವಳು. ಅಮ್ಮ ಒಳಗಿನಿಂದಲೇ ತೀರ್ಪು ಕೊಡುತ್ತಿದ್ದಳು. ಆ ಅನುಮಾನದಲ್ಲೂ ಎಷ್ಟು ಸುಖವಿತ್ತು ಎಂದು ಈಗ ಅನಿಸುತ್ತದೆ.

ಲೈಬ್ರರಿ ಪುಸ್ತಕ ಓದಿದವರಿಗೆ ಒಂದು ಪದ್ಧತಿ ಗೊತ್ತಿರುತ್ತದೆ. ಒಮ್ಮೆ ಓದಿದ್ದನ್ನು ಮರೆತು ಮತ್ತೆ ತರಬಾರದೆಂದು ಒಳಗೆಲ್ಲೋ ಪೆನ್ಸಿಲಿನಲ್ಲಿ ತಮ್ಮದೇ ಗುರುತು ಹಾಕುವುದು. ನಮ್ಮ ಮನೆಯ ಗುರುತು ಒಂದು ಪುಟ್ಟ ಕೊಡೆ, ಮೂರನೇ ಅಧ್ಯಾಯದ ಮೊದಲ ಪುಟದ ಮೂಲೆಯಲ್ಲಿ. ಅದನ್ನು ಹಾಕುತ್ತಿದ್ದವನು ಸುರೇಶ ಚಿಕ್ಕಪ್ಪ. ಅವನು ಎಡಚ. ಅವನ ಕೊಡೆಯ ಹಿಡಿ ಯಾವಾಗಲೂ ಎಡಕ್ಕೆ ಬಾಗಿರುತ್ತಿತ್ತು.

ಚಿಕ್ಕಪ್ಪ ಕಾಲೇಜು ಬಿಟ್ಟು ಲಾರಿ ಓಡಿಸುತ್ತೇನೆಂದ ದಿನ ತಾತ, "ಹಾಗಾದ್ರೆ ಈ ಹೊಸ್ತಿಲು ತುಳೀಬೇಡ" ಅಂದರು. ಅವನು ತುಳಿಯಲಿಲ್ಲ. ಮಡಿವಾಳದ ಕಡೆ ನೋಡಿದ್ದೇವೆಂದು ಯಾರೋ ಹೇಳಿದರು, ತಂದೆ ಹೋಗಿ ಹುಡುಕಿದರು, ಸಿಗಲಿಲ್ಲ. ಅಜ್ಜಿಯ ಊಟ ಎರಡು ತುತ್ತಿಗೆ ಇಳಿಯಿತು. ಸೀರೆ ಮೈಮೇಲೆ ನಿಲ್ಲದಷ್ಟು ಬಡವಾದಳು. ತಾತ ಅವನ ಹೆಸರೆತ್ತಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಕೊಡೆ ಬರೆಯಲೂ ಇಲ್ಲ.

ಹೀಗಿರುವಾಗ ಒಂದು ಶನಿವಾರ ತಾತ ತಂದ ಹೊಸ ಪುಸ್ತಕದಲ್ಲಿ ಕೊಡೆ ಇತ್ತು. ರಾಯರಿಗೆ ಮಡಿವಾಳದಲ್ಲೂ ಒಂದು ಅಂಗಡಿಯಿತ್ತು, ಪುಸ್ತಕಗಳು ಸೈಕಲ್ಲಿನ ಮೇಲೆ ಅಲ್ಲಿಂದಿಲ್ಲಿಗೆ ಓಡಾಡುತ್ತಿದ್ದವು. ಅಜ್ಜಿ ಆ ಪುಟದ ಮೇಲೆ ಬೆರಳಿಟ್ಟು, "ಇದಾನೆ. ಓದ್ತಿದಾನೆ" ಅಂದಳು. ಅಂದು ರಾತ್ರಿ ಎರಡನೇ ಸಲ ಅನ್ನ ಬಡಿಸಿಕೊಂಡಳು. ಮುಂದೆ ಪ್ರತಿ ಪುಸ್ತಕದಲ್ಲೂ ಕೊಡೆ ಬಂತು, ಅಜ್ಜಿಗೆ ಜೀವ ಬಂತು.

ನನಗೆ ಮಾತ್ರ ಸಮಾಧಾನವಾಗಲಿಲ್ಲ. ವಿಶ್ವಂಭರನ ಶಿಷ್ಯೆ ನಾನು. ಹೊಸ ಕೊಡೆಗಳ ಹಿಡಿ ಬಲಕ್ಕೆ ಬಾಗಿತ್ತು, ಗೆರೆಯೂ ನಡುಗಿತ್ತು. ಮೊದಲು ಅಮ್ಮನ ಮೇಲೆ ಅನುಮಾನಪಟ್ಟೆ, ಆಮೇಲೆ ತಂದೆಯ ಮೇಲೆ. ಕೊನೆಗೆ ಒಂದು ಶನಿವಾರ ತಾತನ ಹಿಂದೆಯೇ ಹೋದೆ. ಲೈಬ್ರರಿಯಿಂದ ಹೊರಬಂದವರು ಪಾರ್ಕಿನ ಕಲ್ಲುಬೆಂಚಿನ ಮೇಲೆ ಕುಳಿತು, ಆಚೀಚೆ ನೋಡಿ, ಜೇಬಿನಿಂದ ಮೋಟು ಪೆನ್ಸಿಲು ತೆಗೆದರು. ಪುಸ್ತಕವನ್ನು ಕಣ್ಣಿಗೆ ಹತ್ತಿರ ಹಿಡಿದು ಅಕ್ಷರ ತಿದ್ದುವ ಮಗುವಿನ ಹಾಗೆ ನಿಧಾನವಾಗಿ ಬರೆದರು. ಕಳ್ಳ ಸಿಕ್ಕಿದ ಸಂತೋಷ ನನಗಾಗಲಿಲ್ಲ. ಅವರು ಏಳುವ ಮೊದಲೇ ಮನೆಗೆ ಓಡಿದೆ.

ಅಮ್ಮನಿಗೆ ಹೇಳಿದೆ. ಅವಳು ಮೊರದ ಅಕ್ಕಿಯಿಂದ ತಲೆ ಎತ್ತದೆ, "ಗೊತ್ತು ಕಣೆ. ಅಜ್ಜಿ ಹತ್ರ ಬಾಯಿ ಬಿಟ್ಟೀಯ ಮತ್ತೆ" ಅಂದಳು.

ತಾತ ತೀರಿಕೊಂಡ ಮೇಲೆ ಲೈಬ್ರರಿಗೆ ಹೋಗುವ ಕೆಲಸ ಅಮ್ಮನದಾಯಿತು. ಅವಳು ತಂದ ಮೊದಲ ಪುಸ್ತಕ ಈ ರಾಮೇಶ್ವರದ್ದು. ಗುರುತಿನ ನೆನಪು ನಮ್ಮಿಬ್ಬರಿಗೂ ಬರುವಷ್ಟರಲ್ಲಿ ಅಜ್ಜಿ ಪುಟ ತೆರೆದಾಗಿತ್ತು. ಮೂಲೆ ಖಾಲಿ. ನಾನು ಅಮ್ಮನ ಮುಖ ನೋಡಿದೆ, ಅವಳು ನನ್ನ ಮುಖ. ಈ ರಾತ್ರಿಯಿಂದ ಮತ್ತೆ ಎರಡೇ ತುತ್ತು ಎಂದುಕೊಂಡೆ.

ಅಜ್ಜಿ ಖಾಲಿ ಮೂಲೆಯ ಮೇಲೆ ಬೆರಳಾಡಿಸಿ, "ನಿಮ್ಮ ತಾತನಿಗೆ ಹಿಡಿ ಬರೆಯೋಕೆ ಕೊನೇವರೆಗೂ ಬರ್ಲಿಲ್ಲ" ಅಂದಳು.

"ನಿಮಗೆ ಗೊತ್ತಿತ್ತಾ, ಅತ್ತೆ?" ಅಮ್ಮ ಕೇಳಿದಳು.

"ಮೊದಲನೇ ದಿನ ಗೊತ್ತಾಗ್ಲಿಲ್ಲ. ಆಮೇಲೆ ಗೊತ್ತಾಯ್ತು. ಅವರು ಮಗನ ಹೆಸರು ಹೇಳ್ತಿದ್ದಿದ್ದು ಅದೊಂದೇ ಥರ. ಬೇಡ ಅನ್ಲಾ?" ನನ್ನ ಕಡೆ ಕೈ ಚಾಚಿದಳು. "ಪೆನ್ಸಿಲ್ ಕೊಡು ಪುಟ್ಟಿ. ಮಡಿವಾಳಕ್ಕೂ ಹೋಗುತ್ತಲ್ಲ ಪುಸ್ತಕ. ಅವನು ನೋಡಿದ್ರೆ, ಮನೇಲಿ ಇನ್ನೂ ಓದ್ತಿದಾರೆ ಅಂತ ತಿಳ್ಕೊಳ್ಲಿ."

ಅವಳು ಬರೆದ ಕೊಡೆ ಕೊಡೆಯ ಹಾಗಿರಲಿಲ್ಲ, ಅಣಬೆಯ ಹಾಗಿತ್ತು. ಅಲ್ಲಿಂದ ಮುಂದೆ ಪ್ರತಿ ಪುಸ್ತಕಕ್ಕೂ ಅವಳೇ ಬರೆದು ಕಳಿಸಿದಳು. ಚಿಕ್ಕಪ್ಪ ಬರಲಿಲ್ಲ. ಎಂಬತ್ತರ ದಶಕದಲ್ಲಿ ಅಜ್ಜಿ ಹೋದಳು, ರಾಯರ ಅಂಗಡಿ ಮುಚ್ಚಿತು, ನಮ್ಮ ಹೆಂಚಿನ ಮನೆಯಿದ್ದಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡವಿದೆ.

ಕಳೆದ ವಾರ ಆ ಪುಸ್ತಕ ಹಿಡಿದು ಮನೆಗೆ ಬಂದು ಮೂರನೇ ಅಧ್ಯಾಯ ತೆರೆದೆ. ಅಜ್ಜಿಯ ಅಣಬೆ ಅಲ್ಲೇ ಇತ್ತು. ಅದರ ಪಕ್ಕಕ್ಕೆ, ಅದಕ್ಕೆ ತಾಗುವಷ್ಟು ಹತ್ತಿರ, ಇನ್ನೊಂದು ಕೊಡೆ. ನಡುಗದ ಗೆರೆ, ಹಿಡಿ ಎಡಕ್ಕೆ.

ಎಡಚರು ಈ ಊರಿನಲ್ಲಿ ಒಬ್ಬರೇ ಅಲ್ಲ, ಯಾರೋ ಹುಡುಗರು ಆಟಕ್ಕೆ ನಕಲು ಮಾಡಿರಬಹುದು ಎಂದು ನನ್ನ ಹಳೆಯ ಬುದ್ಧಿ ಹೇಳುತ್ತಲೇ ಇದೆ. ಅದಕ್ಕೆ ನಾನು ಕಿವಿಗೊಡುತ್ತಿಲ್ಲ. ಅವನು ನೋಡಿದ್ದ, ಉತ್ತರ ಬರೆದಿದ್ದ. ಅಂಥ ಉತ್ತರ ಇನ್ನೆಷ್ಟು ಪುಸ್ತಕಗಳಲ್ಲಿತ್ತೋ. ಆದರೆ ಓದಿದ ಪುಸ್ತಕ ಮತ್ತೆ ತರಬಾರದೆಂದೇ ಅಲ್ಲವೇ ಗುರುತು ಹಾಕುತ್ತಿದ್ದುದು. ನಾವು ಒಂದನ್ನೂ ಮತ್ತೆ ತರಲಿಲ್ಲ.