ಗಂಟೆಯಪ್ಪ ಮತ್ತು ನೀರಿನ ಪೆಟ್ಟಿಗೆ

ಶಾಲೆಯಲ್ಲಿ ಗಂಟೆ ಹೊಡೆಯುವುದರಲ್ಲೇ ಅರ್ಧ ಆಯುಷ್ಯ ಸವೆಸಿದವನನ್ನು ಎಲ್ಲರೂ ಗಂಟೆಯಪ್ಪ ಎಂದೇ ಕರೆಯುತ್ತಿದ್ದರು. ಬದುಕಿದ್ದಷ್ಟು ದಿನ ಹೆಂಡತಿಯೂ ಹಾಗೇ ಕರೆದಳು ಎಂದರೆ ನೋಡಿ. ಅವನು ಹಗ್ಗ ಎಳೆದರೆ ಸಾಕು, ಹೆಡ್‌ಮಾಸ್ತರರೂ ಪಾಠವನ್ನು ಅರ್ಧಕ್ಕೇ ನಿಲ್ಲಿಸಬೇಕಿತ್ತು. ಆ ಸುಖ ಎಲ್ಲರಿಗೂ ಸಿಗುತ್ತದೆಯೇ? ಒಬ್ಬಳೇ ಮಗಳು ಓದಿದ್ದೂ ಅದೇ ಶಾಲೆಯಲ್ಲಿ. ಒಂದು ದಿನವೂ ತಡವಾಗಿ ಹೋದವಳಲ್ಲ ಎಂದು ಈಗಲೂ ಗಂಡನ ಮುಂದೆ ಜಂಬ ಕೊಚ್ಚಿಕೊಳ್ಳುತ್ತಾಳೆ. ಕೊನೆಗೊಂದು ದಿನ ಆಫೀಸಿನ ಗೋಡೆಗೆ ಪೆಟ್ಟಿಗೆಯೊಂದು ಬಂತು. ತಾನಾಗಿಯೇ ಹೊಡೆದುಕೊಳ್ಳುವ ಕರೆಂಟ್ ಗಂಟೆ. ಗಂಟೆಯಪ್ಪನ ಕೆಲಸಕ್ಕೆ ಕಲ್ಲು ಬಿತ್ತು.

ಈಗ ಅವನಿರುವುದು ಮಗಳ ಮನೆಯಲ್ಲಿ. ಮುಂದಿನ ಹುಲ್ಲುಹಾಸಿಗೆ ಸ್ಪ್ರಿಂಕ್ಲರ್ ಹಾಕಿಸಿದಾಗ ಕಾರು ಶೆಡ್ಡಿನ ಗೋಡೆಗೆ, ಹೊತ್ತಿಗೆ ಸರಿಯಾಗಿ ತಾನೇ ನೀರು ಬಿಡುವ ಅಂಥದೇ ಇನ್ನೊಂದು ಪೆಟ್ಟಿಗೆ ಬಂದು ಕೂತಿತು. "ಇಲ್ಲಿಗೂ ಬಂದ್ಯಾ?" ಎಂದು ಹಲ್ಲು ಕಡಿದ. ಆದರೆ ಮಗಳು, "ಅಪ್ಪಾ, ಇದರ ಉಸ್ತುವಾರಿ ನಿಂದೇ" ಎಂದಾಗ ಎದೆಯುಬ್ಬಿತು.

ಪೆಟ್ಟಿಗೆ ಕೇಳಿದ್ದು ಯಾವ ದಿನ, ಎಷ್ಟು ಹೊತ್ತಿಗೆ ಶುರು, ಒಂದೊಂದು ಭಾಗಕ್ಕೆ ಎಷ್ಟು ನಿಮಿಷ ಎಂದು ಮಾತ್ರ. ಅಂಗಳದಲ್ಲಿದ್ದದ್ದು ನಾಲ್ಕು ಭಾಗ. ಗಂಟೆಯಪ್ಪನಿಗೆ ಇದೇನು ಮಹಾ? ಗೇಟಿನ ಪಕ್ಕದ್ದು ಮೊದಲನೇ ಪೀರಿಯಡ್ಡು, ಗುಲಾಬಿ ಗಿಡದ ಹತ್ತಿರದ್ದು ಎರಡನೆಯದು ಎಂದುಕೊಂಡು, ಭಾಗಕ್ಕೊಂದರಂತೆ ನಾಲ್ಕು ಶುರುವಿನ ಸಮಯ ತುಂಬಿದ.

ವಾರ ಕಳೆಯುವಷ್ಟರಲ್ಲಿ ಅಂಗಳ ಕೆಸರುಗದ್ದೆಯಾಗಿ ಅಳಿಯನ ಚಪ್ಪಲಿಯನ್ನೇ ನುಂಗಿತು. ಅವನು ಒಂಟಿ ಚಪ್ಪಲಿಯಲ್ಲೇ ನಿಂತು, "ಮಾವ, ನಿಮಗ್ಯಾಕೆ ಈ ತಲೆನೋವು? ತೋಟದವನಿಗೆ ಒಪ್ಪಿಸಿಬಿಡೋಣ" ಎಂದ, ಮೆತ್ತಗೆ. ಶಾಲೆಯವರೂ ಹೀಗೇ ಮೆತ್ತಗೆ ಹೇಳಿದ್ದರು. ಎರಡನೇ ಸಲವೂ ಪೆಟ್ಟಿಗೆಯ ಕೈಲಿ ಸೋತೆನಲ್ಲ ಎಂದು ಗಂಟೆಯಪ್ಪನಿಗೆ ಊಟ ಸೇರಲಿಲ್ಲ.

ಸಂಜೆ ಮಗಳು ಪೆಟ್ಟಿಗೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತು ಗುಂಡಿಗಳನ್ನು ಒತ್ತಿ ನೋಡಿದಳು. ನೋಡನೋಡುತ್ತ ನಗತೊಡಗಿದಳು.

"ಅಪ್ಪಾ, ನೀನು ಪೀರಿಯಡ್ಡಿಗೊಂದು ಗಂಟೆ ಹೊಡ್ದಿದೀಯ. ಇದಕ್ಕೆ ಬೇಕಾಗಿರೋದು ಮನೆಗೆ ಬಿಡೋ ಗಂಟೆ."

"ಅಂದ್ರೆ?"

"ಶಾಲೇಲಿ ನೀನು ಅದನ್ನ ಸಂಜೆ ಒಂದೇ ಸಲ ಹೊಡೀತಿದ್ದೆ. ಒಂದನೇ ಕ್ಲಾಸು ಖಾಲಿಯಾದ್ಮೇಲೆ ಎರಡನೇದು, ಆಮೇಲೆ ಮೂರನೇದು, ಸಾಲಾಗಿ ತಾವೇ ಹೊರಗೆ ಬರ್ತಿರ್ಲಿಲ್ವಾ? ಇದೂ ಹಾಗೇ. ಒಂದು ಸಲ ಶುರುವಾದ್ರೆ ನಾಲ್ಕೂ ಭಾಗಕ್ಕೆ ಒಂದರ ಹಿಂದೊಂದು ನೀರು ಬರುತ್ತೆ. ನೀನು ದಿನಾ ಇಡೀ ಶಾಲೆನ ನಾಲ್ಕು ಸಲ ಮನೆಗೆ ಕಳಿಸಿದೀಯ!"

ಗಂಟೆಯಪ್ಪ ಹಣೆ ಚಚ್ಚಿಕೊಂಡ. ಬೆಳಗಿನದೊಂದನ್ನು ಉಳಿಸಿ ಮಿಕ್ಕ ಸಮಯಗಳನ್ನು ಅಳಿಸಿದ. ಕೆಸರು ಆರಿತು, ಹುಲ್ಲು ಚಿಗುರಿತು. ಅಳಿಯನಿಗೆ ಖುಷಿಯೋ ಖುಷಿ. "ಇನ್ನು ನೀವು ಆರಾಮಾಗಿರಿ ಮಾವ. ಎಲ್ಲ ತಾನಾಗೇ ನಡೆಯುತ್ತೆ, ಯಾರೂ ಮುಟ್ಟೋದೇ ಬೇಡ" ಎಂದ. ತಪ್ಪು ಮಾಡಿದರೂ ಕೆಲಸ ಹೋಗುತ್ತದೆ, ಸರಿಮಾಡಿದರೂ ಹೋಗುತ್ತದೆ! ಗಂಟೆಯಪ್ಪನಿಗೆ ಆ ಹಳೆಯ ಹಗ್ಗದ ನೆನಪು ಬಂದು ಅಂಗೈ ಬರಿದೆನಿಸಿತು.

ಆದರೂ ಬೆಳಿಗ್ಗೆ ಎದ್ದು ಶೆಡ್ಡಿಗೆ ಹೋಗಿ ನಿಲ್ಲುವುದನ್ನು ಬಿಡಲಿಲ್ಲ. ಒಂದು ದಿನ ನೀರು ಚಿಮ್ಮುವ ಹೊತ್ತು ಹತ್ತಿರವಾದರೂ ಮಗಳು ಇನ್ನೂ ಕೆಲಸಕ್ಕೆ ಹೊರಟಿರಲಿಲ್ಲ. ಗಂಟೆಯಪ್ಪ ಪೆಟ್ಟಿಗೆಯನ್ನು ಬಂದ್ ಮಾಡಿ, ಗುಂಡಿಯ ಮೇಲೆ ಕೈಯಿಟ್ಟುಕೊಂಡೇ ಬಾಗಿಲ ಕಡೆ ಕತ್ತು ಚಾಚಿದ. ಅವಳು ತಲೆ ಬಾಚಿಕೊಳ್ಳುತ್ತಲೇ ಓಡಿ ಬಂದಳು. ಸೀರೆ ನೆರಿಗೆಯನ್ನು ಮೇಲೆತ್ತಿ ಹಿಡಿದು ಗೇಟಿನವರೆಗೆ ಹೋದವಳು, ಒಂದು ಹನಿಯೂ ಬೀಳದ್ದನ್ನು ಕಂಡು ತಿರುಗಿ ನೋಡಿದಳು. ಅಪ್ಪನ ಕೈ ನೋಡಿದಳು, ಚಾಚಿದ ಕತ್ತು ನೋಡಿದಳು.

"ಅಪ್ಪಾ, ಶಾಲೇಲೂ ಹೀಗೇ ಕಾಯ್ತಿದ್ಯಾ?"

ರಸ್ತೆಯ ತಿರುವಿನಲ್ಲಿ ಎರಡು ಜಡೆ ಕಾಣಿಸುವವರೆಗೂ ಹಗ್ಗ ಹಿಡಿದು ನಿಂತಿದ್ದ ಬೆಳಗುಗಳೆಲ್ಲ ಗಂಟೆಯಪ್ಪನಿಗೆ ಒಟ್ಟಿಗೇ ನೆನಪಾದವು.

"ಹೋಗು ಹೋಗು, ಲೇಟಾಗುತ್ತೆ."

"ಪೆಟ್ಟಿಗೆಗೆ ಕಾಯೋಕೆ ಬರಲ್ಲ ಅಂತ ಇವರಿಗೆ ಹೇಳ್ತೀನಿ" ಎಂದಳು ಮಗಳು, ಸೆರಗಿನಿಂದ ಕಣ್ಣೊರೆಸಿಕೊಂಡು.

ಅವಳು ಗೇಟು ದಾಟಿದ ಮೇಲೆಯೇ ಗಂಟೆಯಪ್ಪ ನೀರು ಬಿಟ್ಟ.