ದಂಪತಿ ಸನ್ಮಾನ

ನಮ್ಮ ಮನೆಯ ಬೀರುವಿನಲ್ಲಿ ಹನ್ನೊಂದು ಶಾಲುಗಳಿವೆ. ಹಿಂದೂಪುರದ ಬಿಸಿಲನ್ನು ಒಮ್ಮೆ ಉಂಡವರಿಗೆ ಶಾಲು ಎಂಬ ವಸ್ತು ಎಷ್ಟು ನಿರುಪಯುಕ್ತವೆಂದು ಬಿಡಿಸಿ ಹೇಳಬೇಕಿಲ್ಲ. ಆದರೂ ಗೌರವವೆಂಬುದು ನಮ್ಮಲ್ಲಿ ಹೆಗಲ ಮೇಲೆ ಬಿದ್ದು ಬೆವರಿಳಿಸದ ಹೊರತು ಗೌರವವೆನಿಸುವುದಿಲ್ಲ. ನಾನು ಸಾಕ್ಷ್ಯಚಿತ್ರ ತೆಗೆಯುವವನು, ಮಿತ್ರರೇ. ಕುಂದುರ್ಪಿಯ ಕುರಿಗಳ ಮೇಲೆ ಮೊದಲ ಚಿತ್ರ ತೆಗೆದಾಗ ಕುರಿ ಕಾಯುವ ಹಿರಿಯರೊಬ್ಬರು ಇಡೀ ದಿನ ನನ್ನ ಹಿಂದೆ ಮುಂದೆ ಓಡಾಡಿ, ಕೊನೆಗೆ ಸಂಕೋಚದಿಂದ, "ಇದ್ರಾಗೆ ಹೀರೋಯಿನ್ ಯಾವ ಕುರಿ ಕಣಪ್ಪ?" ಎಂದು ಕೇಳಿದ್ದರು. ನಾನು ಒಂದನ್ನು ತೋರಿಸಿದೆ. ಅದು ಕುಂಟುತ್ತದೆ ಎಂಬ ಕಾರಣಕ್ಕೆ ಅವರು ಒಪ್ಪಲಿಲ್ಲ.

ಆ ಚಿತ್ರಕ್ಕೆ ಶಬ್ದ ಹಿಡಿಯಲು ಕಲ್ಯಾಣದುರ್ಗದಿಂದ ಬಂದವನು ಓಬಳೇಶ. ಉದ್ದನೆಯ ಕೋಲಿನ ತುದಿಗೆ ಮೈಕು ಕಟ್ಟಿಕೊಂಡು ಬಸ್ಸಿನಿಂದಿಳಿದವನು ಮರಳಿ ಹೋಗಲಿಲ್ಲ. ಒಂಬತ್ತು ವರ್ಷಗಳಿಂದ ನಾವಿಬ್ಬರೂ ನಮ್ಮ ಮನೆಯ ಮಹಡಿಯ ಮೇಲೆ ಸಂಸಾರ ಮಾಡಿಕೊಂಡಿದ್ದೇವೆ. ಸಂಸಾರ ಎಂದೇ ಹೇಳುತ್ತೇನೆ, ಏಕೆಂದರೆ ಒಗ್ಗರಣೆಗೆ ಇಂಗು ಬೇಕೇ ಬೇಡವೇ ಎಂದು ಎರಡು ದಿನ ಮಾತು ಬಿಡುವುದಕ್ಕೆ ಬೇರೆ ಹೆಸರಿಲ್ಲ. ಕೆಳಗೆ ಮಗ್ಗದ ಮುಂದೆ ಕೂರುವ ಅಮ್ಮ ಬಂದವರಿಗೆಲ್ಲ ಅವನನ್ನು "ಮೇಲಿನ ಬಾಡಿಗೆಯೋನು" ಎಂದು ಪರಿಚಯಿಸುತ್ತಿದ್ದಳು. ನಮ್ಮಿಬ್ಬರ ಈ ಬದುಕನ್ನೇ ಚಿತ್ರ ಮಾಡಿದೆ. ದೆಹಲಿಯಲ್ಲಿ ಪ್ರಶಸ್ತಿ ಬಂತು, ಗುರುತಿಲ್ಲದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಮ್ಮ ಮಾತ್ರ ನೋಡಲಿಲ್ಲ. ಆ ಚಪ್ಪಾಳೆಯೆಲ್ಲ ಹಾಗಿರಲಿ, ಅವಳ ಬಾಯಿಂದ ಆ "ಬಾಡಿಗೆ" ಎಂಬ ಮಾತೊಂದು ಉದುರಿಹೋಗಿದ್ದರೆ ನನಗೆ ಸಾಕಿತ್ತು.

ನಮ್ಮ ನೇಕಾರರ ಸಂಘದವರೂ ಚಿತ್ರ ನೋಡಿರಲಿಲ್ಲ; ಪತ್ರಿಕೆಯಲ್ಲಿ ನನ್ನ ಫೋಟೋ ನೋಡಿದ್ದರು, ಸನ್ಮಾನಕ್ಕೆ ಅಷ್ಟು ಸಾಕು. ಕಲ್ಯಾಣಮಂಟಪದ ವೇದಿಕೆಯ ಮೇಲೆ ಮದುವೆಯ ಜೋಡಿ ಕುರ್ಚಿ, ಪಕ್ಕದಲ್ಲಿ ವಾಲಗದವರು, ನನಗೊಂದು ಶಾಲು, ಜೊತೆಗೆ ತಟ್ಟೆಯಲ್ಲಿ ಅರಿಶಿನ ಕುಂಕುಮವಿಟ್ಟ ಸೀರೆ. ಅಧ್ಯಕ್ಷರು ನನ್ನ ಪಕ್ಕದ ಖಾಲಿ ಕುರ್ಚಿಯನ್ನು ನೋಡಿ ಕಂಗಾಲಾದರು.

"ನಿನ್ ಹೆಂಡ್ತಿ ಎಲ್ಲಪ್ಪ?"

"ಮದ್ವೆ ಆಗಿಲ್ಲ ಸಾರ್."

"ಇದೇನಯ್ಯಾ ಇದು. ನಾವು ದಂಪತಿಗೇ ಸನ್ಮಾನ ಮಾಡಾದು ಕಣಪ್ಪ. ಸೀರೆ ಬೇರೆ ತಂದ್ಬುಟ್ಟಿದೀವಿ."

ವೇದಿಕೆಯ ಮೇಲೆಯೇ ತುರ್ತು ಸಭೆ ಸೇರಿತು. ನನ್ನ ಮದುವೆಯಾಗುವವರೆಗೆ ಸನ್ಮಾನವನ್ನು ಮುಂದೂಡೋಣವೆಂದರು ಒಬ್ಬರು. ಸದ್ಯಕ್ಕೆ ಅಧ್ಯಕ್ಷರ ಹೆಂಡತಿಯೇ ಕೂರಲೆಂದರು ಇನ್ನೊಬ್ಬರು. ಆಕೆ ಒಪ್ಪಿದರು, ಅಧ್ಯಕ್ಷರು ಒಪ್ಪಲಿಲ್ಲ. ತಾಯಿಯನ್ನು ಕೂರಿಸಬಹುದಲ್ಲ ಎಂದಾಗ ಮತ್ತೊಬ್ಬರು ದನಿ ತಗ್ಗಿಸಿ, "ಗಂಡ ಇಲ್ದೋಳಿಗೆ ಅರಿಶಿನ ಕುಂಕುಮ ಹೆಂಗ್ ಕೊಡಾದು?" ಎಂದರು. ಮೈಕು ಆನ್ ಇತ್ತು. ಮುಂದಿನ ಸಾಲಿನಲ್ಲಿದ್ದ ಅಮ್ಮನಿಗೂ ಕೇಳಿಸಿತು.

ಊರೂರು ಸುತ್ತಿ ಕಂಡವರ ಮುಖಕ್ಕೆ ಕ್ಯಾಮೆರಾ ಹಿಡಿದು ಮನಸ್ಸಿನಲ್ಲಿರುವುದನ್ನು ಹೇಳಿ ಎಂದು ಪೀಡಿಸಿದ ನಾನು, ಆ ಹೊತ್ತು ಒಂದು ಹೆಸರು ಹೇಳಲಾರದೆ ಕುಳಿತಿದ್ದೆ. ನಾಚಿಕೆಯಾಯಿತು. ಓಬಳೇಶ ವೇದಿಕೆಯ ಮೂಲೆಯಲ್ಲಿ ಕಿರುಚುತ್ತಿದ್ದ ಸ್ಪೀಕರಿನ ವೈರು ಸರಿಮಾಡುತ್ತಿದ್ದ.

ಅಮ್ಮ ಎದ್ದು ನಿಂತಳು. "ಓಬಳೇಶು, ಆ ವೈರು ಬಿಟ್ಟು ಹೋಗಿ ಕುರ್ಚಿ ಮ್ಯಾಲೆ ಕೂತ್ಕಳಪ್ಪ."

"ಅಲ್ಲಮ್ಮ, ಅವ್ನು ನಿಮ್ಮನೆ ಬಾಡಿಗೆಯೋನಲ್ವಾ?" ಎಂದರು ಅಧ್ಯಕ್ಷರು.

"ಅದು ನಿಮಗೆ ಹೇಳಿದ್ದು," ಎಂದಳು ಅಮ್ಮ.

ಅವನು ಬಂದು ಕೂತ. ಸಭೆಗೆ ಏನೊಂದೂ ಅರ್ಥವಾಗುವ ಮೊದಲೇ, ಜೋಡಿ ಕುರ್ಚಿ ತುಂಬಿದ್ದನ್ನೂ ಸೀರೆಯ ತಟ್ಟೆ ಎದ್ದದ್ದನ್ನೂ ಕಂಡ ವಾಲಗದವರು ರೂಢಿಯಂತೆ ಗಟ್ಟಿಮೇಳ ಬಾರಿಸಿಬಿಟ್ಟರು; ಗಟ್ಟಿಮೇಳ ಕೇಳಿದ ಕೈಗಳು, ಅಧ್ಯಕ್ಷರದ್ದೂ ಸೇರಿದಂತೆ, ಹಿಡಿದಿದ್ದ ಹೂವನ್ನು ನಮ್ಮ ಮೇಲೆ ಎಸೆದುಬಿಟ್ಟವು. ತಲೆ ಒಪ್ಪಲು ತಲೆಮಾರು ಹಿಡಿಯುವುದನ್ನು ಕೈ ಒಂದು ಗಳಿಗೆಯಲ್ಲಿ ಒಪ್ಪುತ್ತದೆಂದು ನನಗೆ ಅಂದು ತಿಳಿಯಿತು. ಆಮೇಲೆ ಒಂದಿಬ್ಬರು ಗೊಣಗುತ್ತ ಊಟಕ್ಕೂ ನಿಲ್ಲದೆ ಹೋದರು. ಉಳಿದವರು ಪಾಯಸದ ಕಡೆ ನಡೆದರು.

ಕೈಗೆ ಬಂದ ಸೀರೆಯನ್ನು ಏನು ಮಾಡುವುದೆಂದು ತೋಚದ ಓಬಳೇಶ ತಟ್ಟೆಯನ್ನು ಅಮ್ಮನ ಮುಂದೆ ಹಿಡಿದ. "ಇದಿ ತೀಸ್ಕೋಮ್ಮಾ," ಎಂದು ತನ್ನ ತೆಲುಗಿನಲ್ಲಿ ತೆಗೆದುಕೊಳ್ಳಲು ಹೇಳಿದ. ಅವಳು ಅರಿಶಿನ ಕುಂಕುಮದ ಸಮೇತ ತೆಗೆದುಕೊಂಡಳು. ಸೀರೆಯ ಅಂಚನ್ನು ನೇಯುವವಳ ಬೆರಳಿನಿಂದ ಉಜ್ಜಿ ನೋಡಿ, ಅಧ್ಯಕ್ಷರಿಗೂ ಕೇಳುವಂತೆ ಹೇಳಿದಳು: "ಕಲ್ಯಾಣದುರ್ಗದ ಬೀಗರ ಕಡೆಯಿಂದ ನಂಗೊಂದು ಸೀರೆ ಬರಾಕೆ ಒಂಬತ್ತು ವರ್ಷ ಆಯ್ತು ನೋಡು."