ಅಕ್ಕ, ನಾನು ಮತ್ತು ಬಾಚಣಿಗೆ

ನಮ್ಮ ಮನೆಯ ಬಾಚಣಿಗೆಗಳೆಲ್ಲ ಕನ್ನಡಿಯ ಹಿಂದೆ ಸಿಕ್ಕಿಕೊಂಡು ಬದುಕುತ್ತವೆ. ಹಲ್ಲು ಮುರಿದ ಕೆಂಪು ಬಾಚಣಿಗೆಯೊಂದಕ್ಕೆ ಮಾತ್ರ ನನ್ನ ಶಾಲೆಯ ಚೀಲದಲ್ಲೇ ವಾಸ. ಚನ್ನಗಿರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನನಗೆ ಅದೇ ಪ್ರಯೋಗಶಾಲೆ. ಒಣ ತಲೆಗೆ ನಾಲ್ಕು ಸಲ ಎಳೆದು ಕಾಗದದ ಚೂರುಗಳ ಮೇಲೆ ಹಿಡಿದರೆ ಸಾಕು, ಅವು ಊಟಕ್ಕೆ ಕರೆಸಿಕೊಂಡವರಂತೆ ಎದ್ದು ಬರುತ್ತವೆ. ಈ ವಿದ್ಯೆ ಕಲಿಸಿದವಳು ಈಗ ಜಗಳೂರಿನಲ್ಲಿರುವ ನನ್ನ ಅಕ್ಕ ಗಿರಿಜಕ್ಕ. ಅವಳೇನು ಪುಸ್ತಕ ಓದಿ ಕಲಿಸಲಿಲ್ಲ. ಚಿಕ್ಕಂದಿನಲ್ಲಿ ತಲೆ ಬಾಚಿಸಿಕೊಳ್ಳದೆ ಓಡುತ್ತಿದ್ದ ನನ್ನನ್ನು ಹಿಡಿದು ಕೂರಿಸಲು ಹೂಡಿದ ಉಪಾಯವದು.

ಅದೇ ಬಾಚಣಿಗೆ ಇನ್ನೊಂದು ಪಾಠವನ್ನೂ ಹೇಳುತ್ತದೆ, ಕೇಳಿ. ಒಂದೇ ತಲೆಗೆ ಉಜ್ಜಿದ ಎರಡು ಬಾಚಣಿಗೆಗಳಲ್ಲಿ ಒಂದನ್ನು ದಾರ ಕಟ್ಟಿ ತೂಗಬಿಟ್ಟು, ಇನ್ನೊಂದನ್ನು ಹತ್ತಿರ ತಂದರೆ, ತೂಗುವುದು ಮೂತಿ ತಿರುಗಿಸಿಕೊಂಡು ದೂರ ಸರಿಯುತ್ತದೆ. ಸಜಾತೀಯ ಆವೇಶಗಳು ವಿಕರ್ಷಿಸುತ್ತವೆ, ಅಂದರೆ ಒಂದೇ ಬಗೆಯ ವಿದ್ಯುತ್ತು ತುಂಬಿದವು ಒಂದನ್ನೊಂದು ದೂರ ತಳ್ಳುತ್ತವೆ ಎಂದು ಹಲಗೆಯ ಮೇಲೆ ಬರೆಯುವಾಗೆಲ್ಲ ನನಗೆ ನಮ್ಮಿಬ್ಬರದೇ ನೆನಪು. ಒಂದೇ ಹಟ, ಮೂಗಿನ ತುದಿಯಲ್ಲಿ ಒಂದೇ ಕೋಪ. ಮೂರು ವರ್ಷದ ಹಿಂದೆ, ತನ್ನ ಮೊಮ್ಮಗನ ತೊಟ್ಟಿಲ ಶಾಸ್ತ್ರದಲ್ಲಿ, ನೆಂಟರೆದುರು ಅಕ್ಕ "ಸೈನ್ಸ್ ಓದ್ಯಾಳೆ, ಹೋಳಿಗೆ ತಟ್ಟಾಕೆ ಬರಲ್ಲ" ಎಂದಳು. ನಾನೂ ಬಿಡದೆ, ಅವಳ ಹೋಳಿಗೆಯಿಂದ ಗೋಡೆಗೆ ಮೊಳೆ ಹೊಡೆಯಬಹುದು ಎಂದೆ. ಅಲ್ಲಿಗೆ ಮಾತು ನಿಂತಿತು. ಅಕ್ಕನಿಲ್ಲದ ಆ ಮೂರು ವರ್ಷ ನನಗೆ ಯಾವ ಹಬ್ಬವೂ ರುಚಿಸಲಿಲ್ಲ. ಆದರೂ ಮೊದಲು ಬಾಯಿ ಬಿಟ್ಟವರು ಸೋತಂತೆ ಎಂದು ಇಬ್ಬರೂ ನಂಬಿದ್ದೆವು.

ಈ ಸಲ ಸಂಕ್ರಾಂತಿ ಕಳೆದ ಮೇಲೆ, ಅಕ್ಕನ ಮನೆಯಲ್ಲಿರುವ ಅವ್ವನನ್ನು ನೋಡಲು ಶಾಲೆಯ ಚೀಲವನ್ನೇ ಹೆಗಲಿಗೆ ಹಾಕಿಕೊಂಡು ಜಗಳೂರಿಗೆ ಹೋದೆ. ತುಟಿ ಒಡೆಯುವಂಥ ಒಣ ಹವೆ. ಪ್ಲಾಸ್ಟಿಕ್ ಚಾಪೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ನೈಲಾನ್ ಸೀರೆಯ ನಾನು.

"ಅವ್ವಾ, ಅವರು ಕಾಫಿ ಕುಡೀತಾರಾ ಕೇಳು" ಎಂದಳು ಅಕ್ಕ, ಎರಡು ಮಾರು ದೂರದಲ್ಲಿದ್ದ ನನ್ನನ್ನು ಬಹುವಚನಕ್ಕೇರಿಸಿ.

"ಕುಡೀತಾರೆ ಅನ್ನವ್ವ" ಎಂದೆ ನಾನು.

ಹೊರಡುವ ಹೊತ್ತಾಯಿತು. ಮಾತು ಬಿಟ್ಟರೂ ಮುತ್ತೈದೆಯನ್ನು ಕುಂಕುಮವಿಡದೆ ಕಳಿಸುವಂತಿಲ್ಲವಲ್ಲ! ಅಕ್ಕ ಬಟ್ಟಲು ಹಿಡಿದು ಬರಿಗಾಲಲ್ಲಿ ಬಂದು ನೆಲದ ಮೇಲೆ ನಿಂತಳು. ನಾನು ಕುರ್ಚಿಯಿಂದ ಸರಕ್ಕನೆ ಎದ್ದೆ. ಅವಳ ಬೆರಳು ನನ್ನ ಹಣೆಯ ಹತ್ತಿರ ಬಂದದ್ದೇ ತಡ, ಚಟ್!

"ಅಯ್ಯವ್ವಾ! ಏನೇ ಇದು, ಮೈಯಾಗೆ ಕರೆಂಟ್ ಐತೇನೇ ನಿಂಗೆ?"

"ನಂದಲ್ಲಕ್ಕ, ನಿನ್ನ ಕುರ್ಚೀದು!"

ಕುಂಕುಮ ಹಣೆ ತಪ್ಪಿ ಮೂಗಿಗೆ ಹತ್ತಿತ್ತು. ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ನಾವೂ. ಕೂಡಿಟ್ಟ ಆವೇಶವೆಲ್ಲ ಒಂದು ಕಿಡಿಯಲ್ಲಿ ಹರಿದುಹೋದರೆ ತಳ್ಳುವ ಬಲವೂ ಉಳಿಯುವುದಿಲ್ಲ ಎಂದು ಇಷ್ಟು ವರ್ಷ ಮಕ್ಕಳಿಗೆ ಹೇಳಿದವಳು ನಾನೇ. "ಇನ್ನೊಂದ್ಸಲ ಕುಂತು ಏಳೇ, ನೋಡಾನ" ಎಂದಳು ಅಕ್ಕ. ಕುಂತೆ, ಎದ್ದೆ, ಬಸ್ಸು ಹೋಯಿತು. ಮೊದಲು ಬಾಯಿ ಬಿಟ್ಟವಳು ಅವಳೇ ಎಂಬುದನ್ನು ನಾನಿನ್ನೂ ಎತ್ತಿಲ್ಲ. ಒಳ್ಳೆಯ ಹೊತ್ತಿಗೆಂದು ಇಟ್ಟುಕೊಂಡಿದ್ದೇನೆ.

ಮರುದಿನ ಬೆಳಿಗ್ಗೆ "ಈ ತಲೆ ಎಣ್ಣೆ ಕಂಡು ಎಷ್ಟು ದಿನ ಆತೇ?" ಎಂದು ಬೈಯುತ್ತ, ನನ್ನ ಚೀಲದಿಂದ ಆ ಕೆಂಪು ಬಾಚಣಿಗೆಯನ್ನೇ ತೆಗೆದು ತಲೆ ಬಾಚಿದಳು. ಐವತ್ತು ದಾಟಿದ ನಾನು ಓಡಲಿಲ್ಲ.

ಚನ್ನಗಿರಿಗೆ ಬಂದು ತರಗತಿಯಲ್ಲಿ ಬಾಚಣಿಗೆ ಹಿಡಿದರೆ ಒಂದು ಚೂರೂ ಮಿಸುಕಲಿಲ್ಲ. ಹಲ್ಲುಗಳ ತುಂಬ ಅಕ್ಕ ಹಚ್ಚಿದ ಕೊಬ್ಬರಿ ಎಣ್ಣೆ. ಮಕ್ಕಳು ಮುಸಿಮುಸಿ ನಕ್ಕರು. ಸೋಪು ಹಾಕಿ ತೊಳೆದು ಒರೆಸಿದರೆ ಸರಿಹೋಗುತ್ತದೆ, ನನಗೂ ಗೊತ್ತು. ಇನ್ನೂ ತೊಳೆದಿಲ್ಲ.